ಇಪ್ಪತ್ತೊಂದು ದಿನ ಕಳೆದ ಮೇಲೆ: ಹುಟ್ಟಿನಿಂದಲೇ ಬಂದ ಸಿಎಂವಿ ಸೋಂಕಿನ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಮಗು ಹೆಣ್ಣು. ಮಧ್ಯ ಕರ್ನಾಟಕದ ಒಂದು ತಾಲ್ಲೂಕಿನ ಕೃಷಿಕ ಕುಟುಂಬದ ಎರಡನೆಯ ಕೂಸು. ತಾಯಿಗೆ 26 ವರ್ಷ, ಅಂಗನವಾಡಿಗೆ ಹೋಗುವ ಮೂರು ವರ್ಷದ ಮೊದಲ ಮಗನಿದ್ದಾನೆ, ಮನೆಯಲ್ಲಿ ಅತ್ತೆ ಮಾವ ಇದ್ದಾರೆ. ಹೆಸರು, ಊರು, ಆಸ್ಪತ್ರೆಗಳನ್ನು ಇಲ್ಲಿ ಬಿಟ್ಟಿದ್ದೇನೆ, ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೀರ್ಮಾನಗಳು ಎಲ್ಲಿ ಸರಿಹೋದವು, ಎಲ್ಲಿ ಕೈತಪ್ಪಿದವು ಎಂಬುದನ್ನು ಮಾತ್ರ ಮುಚ್ಚಿಟ್ಟಿಲ್ಲ.

ಸೈಟೋಮೆಗಾಲೋವೈರಸ್, ಅಂದರೆ ಸಿಎಂವಿ, ಸೀತಾಳೆ ಸಿಡುಬಿನ ವೈರಾಣು ಸೇರಿರುವ ಹರ್ಪೀಸ್ ಕುಟುಂಬದ್ದೇ. ದೊಡ್ಡವರಲ್ಲಿ ಇದು ಹೆಚ್ಚಾಗಿ ಜ್ವರವನ್ನೂ ತೋರಿಸದೆ ಒಳಗೆ ಬರುತ್ತದೆ. ಒಮ್ಮೆ ಬಂದದ್ದು ಹೊರಗೆ ಹೋಗುವುದಿಲ್ಲ, ಜೀವಮಾನವಿಡೀ ಮೈಯಲ್ಲಿ ಅಡಗಿರುತ್ತದೆ. ನಮ್ಮ ದೇಶದಲ್ಲಿ ಹೆರುವ ವಯಸ್ಸಿಗೆ ಬರುವಷ್ಟರಲ್ಲಿ ಬಹುಪಾಲು ಹೆಣ್ಣುಮಕ್ಕಳಿಗೆ ಈ ಸೋಂಕು ಆಗಿಹೋಗಿರುತ್ತದೆ. ತಾಯಿಗೆ ಮೊದಲೇ ಆಗಿದ್ದರೆ ಮಗು ಕ್ಷೇಮ ಎಂದು ಬಹುಕಾಲ ನಂಬಲಾಗಿತ್ತು. ಗರ್ಭಿಣಿಗೆ ಮೊದಲ ಬಾರಿಗೆ ಸೋಂಕು ತಗುಲಿದಾಗ ಅದು ಮಗುವಿಗೆ ದಾಟುವ ಸಂಭವ ಮೂರರಲ್ಲಿ ಒಂದರಷ್ಟಿರುತ್ತದೆ, ಹಳೆಯ ಸೋಂಕಿರುವ ತಾಯಿಯಲ್ಲಿ ಅದು ನೂರರಲ್ಲಿ ಒಂದರ ಆಸುಪಾಸಿನಲ್ಲಿರುತ್ತದೆ ಎಂಬುದು ನಿಜ. ಆದರೆ ಬಹುತೇಕ ಎಲ್ಲ ತಾಯಂದಿರೂ ಎರಡನೆಯ ಗುಂಪಿಗೇ ಸೇರಿರುವ ನಾಡಿನಲ್ಲಿ ಆ ಸಣ್ಣ ಪಾಲಿನಿಂದಲೇ ಬಹಳ ಮಕ್ಕಳಿಗೆ ಸೋಂಕು ಬರುತ್ತದೆ. ಒಳಗೆ ಮಲಗಿದ್ದ ವೈರಾಣು ಮತ್ತೆ ಎದ್ದಿರಬಹುದು, ಅಥವಾ ಅದರ ಬೇರೊಂದು ತಳಿ ಹೊಸದಾಗಿ ತಗುಲಿರಬಹುದು. ಮಗುವಿಗೆ ಆಗುವ ಹಾನಿ ಈ ಎರಡೂ ದಾರಿಯಲ್ಲಿ ಬರಬಲ್ಲದು. ಗರ್ಭದ ಮೊದಲ ಮೂರು ತಿಂಗಳಲ್ಲಿ ದಾಟಿದರೆ ಆ ಹಾನಿ ಹೆಚ್ಚು.

ಮೊದಲ ಹನ್ನೊಂದು ದಿನ

ಹೆರಿಗೆ 38ನೆಯ ವಾರದಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಹಜವಾಗಿ ಆಯಿತು. ತೂಕ 2.1 ಕೆ.ಜಿ., ತಲೆಯ ಸುತ್ತಳತೆ 30.5 ಸೆಂ.ಮೀ. ತಲೆಯ ಅಳತೆಯನ್ನು ದಾದಿಯೊಬ್ಬರು ಟೇಪು ಹಿಡಿದು ಶ್ರದ್ಧೆಯಿಂದ ತೆಗೆದು ಬರೆದಿದ್ದರು. ಆ ಅಂಕಿಯನ್ನು ಬೆಳವಣಿಗೆಯ ನಕ್ಷೆಯ ಮೇಲೆ ಯಾರೂ ಗುರುತಿಸಲಿಲ್ಲ. ಗುರುತಿಸಿದ್ದರೆ ದಿನ ತುಂಬಿ ಹುಟ್ಟಿದ ಹೆಣ್ಣುಮಗುವಿಗೆ ಇರಬೇಕಾದ ಕನಿಷ್ಠ ಗೆರೆಗಿಂತ ಚುಕ್ಕೆ ಕೆಳಗೆ ಬೀಳುತ್ತಿತ್ತು. ಮಗು ಮೊದಲೇ ಸಣ್ಣದು, ತಲೆಯೂ ಸಣ್ಣದಿರುವುದು ಸಹಜ ಎಂದು ಎಲ್ಲರೂ ಅಂದುಕೊಂಡರು.

ಮೊದಲ ದಿನವೇ ಹೊಟ್ಟೆ ಮತ್ತು ತೊಡೆಯ ಮೇಲೆ ಸೂಜಿ ಚುಚ್ಚಿದಂತಹ ಕೆಂಪು ಚುಕ್ಕೆಗಳು ಕಾಣಿಸಿದವು. ಪ್ಲೇಟ್‌ಲೆಟ್ 58,000. ಯಕೃತ್ತು ಮತ್ತು ಗುಲ್ಮ ಎರಡೂ ಪಕ್ಕೆಲುಬಿನ ಕೆಳಗೆ ಕೈಗೆ ಸಿಗುತ್ತಿದ್ದವು. ಮೂರನೆಯ ದಿನ ಕಾಮಾಲೆ ಏರಿತು, ಅದರಲ್ಲಿ ಯಕೃತ್ತಿನ ತೊಂದರೆಯನ್ನು ಸೂಚಿಸುವ ನೇರ ಬಿಲಿರುಬಿನ್ ಅಂಶವೂ ಹೆಚ್ಚಾಗಿತ್ತು. ನವಜಾತ ಶಿಶುವಿನಲ್ಲಿ ಪ್ಲೇಟ್‌ಲೆಟ್ ಕುಸಿದರೆ ವೈದ್ಯರು ಮೊದಲು ಹೆದರುವುದು ರಕ್ತದ ನಂಜಿಗೆ, ಆ ಹೆದರಿಕೆ ನ್ಯಾಯವಾದದ್ದೇ. ಅಮಿಕಾಸಿನ್ ಸೇರಿದಂತೆ ಎರಡು ಆಂಟಿಬಯಾಟಿಕ್‌ಗಳನ್ನು ಏಳು ದಿನ ಕೊಟ್ಟರು. ರಕ್ತದ ಕಲ್ಚರಿನಲ್ಲಿ ಯಾವ ಬ್ಯಾಕ್ಟೀರಿಯವೂ ಬೆಳೆಯಲಿಲ್ಲ. ಪ್ಲೇಟ್‌ಲೆಟ್ ತಾನಾಗಿಯೇ ಮೇಲೇರಿತು. ಹನ್ನೊಂದನೆಯ ದಿನ 1.3 ಲಕ್ಷ ತಲುಪಿದಾಗ ಮಗುವನ್ನು ಮನೆಗೆ ಕಳುಹಿಸಲಾಯಿತು. ನಂಜಿಗೆ ಕೊಟ್ಟ ಮದ್ದು ಫಲಿಸಿತು ಎಂದು ಎಲ್ಲರೂ ನಂಬಿದರು.

ಈ ನಡುವೆ ಸಿಎಂವಿಯ ಹೆಸರು ಒಮ್ಮೆ ಬಂದಿತ್ತು, ಬಂದು ಹಾಗೆಯೇ ಹೋಗಿಯೂಬಿಟ್ಟಿತು. ಐದನೆಯ ದಿನ ಮಗುವಿನ ರಕ್ತವನ್ನು, ಗರ್ಭದಲ್ಲಿ ತಗುಲುವ ಕೆಲವು ಸೋಂಕುಗಳ ಪ್ರತಿಕಾಯ ಹುಡುಕುವ ಟಾರ್ಚ್ ಪರೀಕ್ಷೆಗೆ ಕಳುಹಿಸಿದ್ದರು. ವರದಿಯಲ್ಲಿ ಸಿಎಂವಿ ಐಜಿಜಿ (ಸೋಂಕಿನ ನಂತರ ಬಹುಕಾಲ ಉಳಿಯುವ ಪ್ರತಿಕಾಯ) ಪಾಸಿಟಿವ್, ಐಜಿಎಂ (ಹೊಸ ಸೋಂಕಿನಲ್ಲಿ ಮೊದಲು ಹುಟ್ಟುವ ಪ್ರತಿಕಾಯ) ನೆಗೆಟಿವ್ ಎಂದಿತ್ತು. ಅದರ ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ "ತಾಯಿಯಿಂದ ಬಂದ ಪ್ರತಿಕಾಯ, ಸೋಂಕಿಲ್ಲ" ಎಂದು ಬರೆದಿದ್ದರು. ಮೊದಲ ಅರ್ಧ ಸರಿ. ಐಜಿಜಿ ಮಾಸುಚೀಲವನ್ನು ದಾಟಿ ತಾಯಿಯಿಂದ ಮಗುವಿಗೆ ಬರುತ್ತದೆ, ನಮ್ಮ ಊರುಗಳಲ್ಲಿ ಹುಟ್ಟುವ ಹೆಚ್ಚಿನ ಮಕ್ಕಳ ರಕ್ತದಲ್ಲಿ ಅದು ಇದ್ದೇ ಇರುತ್ತದೆ. ಎರಡನೆಯ ಅರ್ಧ ತಪ್ಪು. ಹುಟ್ಟಿನಿಂದ ಸೋಂಕಿರುವ ಎಷ್ಟೋ ಮಕ್ಕಳಲ್ಲಿ ಐಜಿಎಂ ಕಾಣಿಸಿಕೊಳ್ಳುವುದೇ ಇಲ್ಲ, ಆದ್ದರಿಂದ ಅದು ಇಲ್ಲವೆಂದ ಮಾತ್ರಕ್ಕೆ ಸೋಂಕಿಲ್ಲವೆಂದು ಹೇಳಲಾಗದು. ಅಂದು ಕೇಳಬೇಕಿದ್ದದ್ದು ರಕ್ತದ ಪ್ರತಿಕಾಯವನ್ನಲ್ಲ, ಮಗುವಿನ ಮೂತ್ರದಲ್ಲಿ ಅಥವಾ ಜೊಲ್ಲಿನಲ್ಲಿ ವೈರಾಣುವಿನ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯನ್ನು. ಗರ್ಭದಲ್ಲೇ ಸೋಂಕು ತಗುಲಿದ ಮಗು ಮೂತ್ರದಲ್ಲಿ ವೈರಾಣುವನ್ನು ಧಾರಾಳವಾಗಿ ಹೊರಹಾಕುತ್ತಿರುತ್ತದೆ. ಒಂದು ಚಿಕ್ಕ ಚೀಲ ಅಂಟಿಸಿ ಕೆಲವು ಹನಿ ಹಿಡಿದಿದ್ದರೆ ಸಾಕಿತ್ತು.

ಒಂಬತ್ತನೆಯ ದಿನ ಮಾಡಿದ ಓಎಇ ಶ್ರವಣ ತಪಾಸಣೆಯಲ್ಲಿ ಬಲಗಿವಿ ತೇರ್ಗಡೆಯಾಯಿತು, ಎಡಗಿವಿ ಆಗಲಿಲ್ಲ. ಕಿವಿಯೊಳಗೆ ಹುಟ್ಟಿದಾಗಿನ ಕಸ ಇರಬಹುದು, ಒಂದು ತಿಂಗಳ ನಂತರ ಬನ್ನಿ ಎಂದು ಚೀಟಿ ಕೊಟ್ಟರು. ತಾಯಿ ಬಾಣಂತನಕ್ಕೆ ಪಕ್ಕದ ಜಿಲ್ಲೆಯ ತವರಿಗೆ ಹೋದರು, ಚೀಟಿ ಗಂಡನ ಮನೆಯ ಪೆಟ್ಟಿಗೆಯಲ್ಲಿ ಉಳಿಯಿತು. ಆಶಾ ಕಾರ್ಯಕರ್ತೆಯರು ನವಜಾತ ಶಿಶುವಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಹೋಗಬೇಕೆಂಬ ಏರ್ಪಾಡಿದೆ. ಗಂಡನ ಊರಿನ ಪಟ್ಟಿಯಲ್ಲಿದ್ದ ಬಾಣಂತಿ ತವರೂರಿನ ಪಟ್ಟಿಗೆ ಸೇರದೆ ಹೋದ್ದರಿಂದ ಆ ಭೇಟಿಗಳೂ ನಡೆಯಲಿಲ್ಲ. ನಮ್ಮಲ್ಲಿ ಮಕ್ಕಳು ಲೆಕ್ಕದಿಂದ ಜಾರಿಹೋಗುವುದು ಹೆಚ್ಚಾಗಿ ಈ ತವರುಮನೆಯ ತಿಂಗಳುಗಳಲ್ಲೇ ಎಂಬುದನ್ನು ಇಷ್ಟು ವರ್ಷಗಳ ಕೆಲಸದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಎಪ್ಪತ್ತನೆಯ ದಿನ

ಹತ್ತನೆಯ ವಾರದ ಲಸಿಕೆಗೆಂದು ನಮ್ಮ ಆಸ್ಪತ್ರೆಗೆ ಬಂದಾಗ ತಾಯಿ ಬೇರೆ ಯಾವ ದೂರನ್ನೂ ಹೇಳಲಿಲ್ಲ. ಸಣ್ಣ ತಲೆಯನ್ನು ಕಂಡು ಅಳೆದೆವು. 34.5 ಸೆಂ.ಮೀ. ಇತ್ತು, ಆ ವಯಸ್ಸಿಗೆ ತೀರ ಕಡಿಮೆ. ಹಳೆಯ ಕಾಗದಗಳಿವೆಯೇ ಎಂದು ಕೇಳಿದಾಗ ತಂದೆ ಮರುದಿನ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲವನ್ನೂ ತಂದರು. ಸಣ್ಣ ತಲೆ, ಕೆಂಪು ಚುಕ್ಕೆ, ಕಡಿಮೆ ಪ್ಲೇಟ್‌ಲೆಟ್, ನೇರ ಬಿಲಿರುಬಿನ್, ಒಂದು ಕಿವಿ ಎಲ್ಲವೂ ಅಲ್ಲೇ ಇದ್ದವು, ಬೇರೆ ಬೇರೆ ಹಾಳೆಗಳಲ್ಲಿ, ಬೇರೆ ಬೇರೆ ಕೈಬರಹದಲ್ಲಿ. ಒಟ್ಟಿಗೆ ಓದಿದಾಗ ಅನುಮಾನಕ್ಕೆ ಎಡೆಯಿರಲಿಲ್ಲ.

ನೆತ್ತಿಯ ಮೂಲಕ ಮಾಡಿದ ಮಿದುಳಿನ ಅಲ್ಟ್ರಾಸೌಂಡಿನಲ್ಲಿ ಕುಹರಗಳ, ಅಂದರೆ ಮಿದುಳಿನೊಳಗೆ ದ್ರವ ತುಂಬಿರುವ ಪೊಳ್ಳುಗಳ, ಅಂಚಿನುದ್ದಕ್ಕೂ ಸುಣ್ಣ ಕಟ್ಟಿದ ಗುರುತುಗಳಿದ್ದವು, ಕುಹರಗಳು ಸ್ವಲ್ಪ ಹಿಗ್ಗಿದ್ದವು. ಬಲಗಣ್ಣಿನ ಅಕ್ಷಿಪಟಲದ ಅಂಚಿನಲ್ಲಿ ಒಂದು ಹಳೆಯ ಕಲೆ ಇತ್ತು, ನಡುಭಾಗ ಸುರಕ್ಷಿತವಾಗಿತ್ತು. ಶಬ್ದಕ್ಕೆ ಶ್ರವಣನರ ಮತ್ತು ಮಿದುಳು ಉತ್ತರಿಸುವುದನ್ನು ಅಳೆಯುವ ಬೇರಾ ಪರೀಕ್ಷೆಯಲ್ಲಿ ಬಲಗಿವಿ ಸರಿಯಿತ್ತು, ಎಡಗಿವಿ 75 ಡೆಸಿಬೆಲ್‌ವರೆಗೆ ಉತ್ತರಿಸಲಿಲ್ಲ. ಟಾಕ್ಸೊಪ್ಲಾಸ್ಮಾ ಕೂಡ ಮಿದುಳಿನಲ್ಲಿ ಸುಣ್ಣ ಕಟ್ಟಿಸುವ ಸೋಂಕಾದ್ದರಿಂದ ತಾಯಿಯ ರಕ್ತ ಪರೀಕ್ಷಿಸಿದೆವು. ಅವರಿಗೆ ಆ ಸೋಂಕು ಎಂದೂ ಆಗಿರಲಿಲ್ಲ.

ಮೂತ್ರದ ಪಿಸಿಆರ್ ಪಾಸಿಟಿವ್ ಬಂತು. ಇಷ್ಟಾದರೂ ರೋಗನಿರ್ಣಯ ಮುಗಿದಿರಲಿಲ್ಲ, ಏಕೆಂದರೆ ಸಿಎಂವಿ ಎದೆಹಾಲಿನ ಮೂಲಕವೂ ಮಗುವಿಗೆ ಬರುತ್ತದೆ. ಹಾಗೆ ಬಂದದ್ದು ದಿನ ತುಂಬಿ ಹುಟ್ಟಿದ ಮಗುವಿಗೆ ಹಾನಿ ಮಾಡುವುದಿಲ್ಲ, ಅದರ ಭಯದಿಂದ ಹಾಲು ಬಿಡಿಸಬೇಕಾಗಿಯೂ ಇಲ್ಲ. ಆದರೆ ಹುಟ್ಟಿದ 21 ದಿನಗಳ ನಂತರ ಸಿಕ್ಕ ವೈರಾಣು ಗರ್ಭದಲ್ಲಿ ಬಂದದ್ದೋ ಹಾಲಿನಲ್ಲಿ ಬಂದದ್ದೋ ಎಂದು ಯಾವ ಪ್ರಯೋಗಾಲಯವೂ ಹೇಳಲಾರದು. ನಾವು ಏಳು ವಾರ ತಡವಾಗಿದ್ದೆವು. ಮಿದುಳಿನ ಚಿತ್ರ ನಮ್ಮ ಪರವಾಗಿ ಮಾತನಾಡುತ್ತಿತ್ತು ನಿಜ, ಆದರೆ ಎಳೆಮಗುವಿಗೆ ಆರು ತಿಂಗಳು ಕೊಡಬೇಕಾದ, ರಕ್ತಕಣಗಳು ಹುಟ್ಟುವ ಮೂಳೆಮಜ್ಜೆಯನ್ನು ಕುಗ್ಗಿಸುವ ಔಷಧವನ್ನು ಊಹೆಯ ಮೇಲೆ ಆರಂಭಿಸಲು ನನಗೆ ಮನಸ್ಸು ಬರಲಿಲ್ಲ.

ರಕ್ತದ ಚುಕ್ಕೆಯ ಕಾರ್ಡು

ದಾರಿ ತೋರಿಸಿದ್ದು ಬಿಲ್ಲು. ತಂದೆ ತಂದ ಕವರಿನಲ್ಲಿ ಆಸ್ಪತ್ರೆಯ ಬಿಲ್ಲೂ ಇತ್ತು. ಅದರಲ್ಲಿ ನಾಲ್ಕನೆಯ ದಿನದ ಒಂದು ಸಾಲನ್ನು ನಮ್ಮ ಕಿರಿಯ ವೈದ್ಯೆ ಗಮನಿಸಿದರು: ನವಜಾತ ಶಿಶು ತಪಾಸಣೆ, ಹಿಮ್ಮಡಿ ರಕ್ತ. ಥೈರಾಯ್ಡ್ ಮತ್ತು ಚಯಾಪಚಯದ ಕಾಯಿಲೆಗಳನ್ನು ಪತ್ತೆಹಚ್ಚಲು ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ಕಾಗದದ ಕಾರ್ಡಿನ ಮೇಲೆ ಹಿಡಿದು ಒಣಗಿಸಿ ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುವ ಪದ್ಧತಿ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿದೆ. ಒಣಗಿದ ಆ ಚುಕ್ಕೆಯಲ್ಲಿ ವೈರಾಣುವಿನ ಡಿಎನ್‌ಎ ಉಳಿದಿರುತ್ತದೆ. ನಾಲ್ಕನೆಯ ದಿನದ ರಕ್ತದಲ್ಲಿ ಸಿಎಂವಿ ಸಿಕ್ಕರೆ ಅದು ಗರ್ಭದಿಂದಲೇ ಬಂದದ್ದು, ಬೇರೆ ದಾರಿಯಿಲ್ಲ. ಸಿಗದಿದ್ದರೆ ಮಾತ್ರ ಯಾವುದನ್ನೂ ಹೇಳುವಂತಿಲ್ಲ, ಏಕೆಂದರೆ ಸೋಂಕಿರುವ ಮಕ್ಕಳಲ್ಲೂ ರಕ್ತದ ಚುಕ್ಕೆಯಲ್ಲಿ ವೈರಾಣು ಸಿಗದೆ ಹೋಗುವುದುಂಟು.

ಕಾರ್ಡು ಇನ್ನೂ ಇದೆಯೇ ಎಂದು ತಿಳಿಯಲು ಎರಡು ದಿನ ಫೋನು ಮಾಡಿದೆವು. ಇತ್ತು. ತಂದೆ ತಾಯಿಯ ಸಹಿ ಪಡೆದ ಒಪ್ಪಿಗೆ ಪತ್ರ ಕಳುಹಿಸಿ ಅದನ್ನು ಪಿಸಿಆರ್ ಮಾಡುವ ಪ್ರಯೋಗಾಲಯಕ್ಕೆ ವರ್ಗಾಯಿಸಿಕೊಂಡೆವು. ಮಗುವಿಗೆ 82 ದಿನವಾದಾಗ ವರದಿ ಕೈಸೇರಿತು. ವೈರಾಣು ಇತ್ತು.

ಇದನ್ನು ನಮ್ಮ ಜಾಣತನವೆಂದು ಹೇಳಿಕೊಳ್ಳಲಾರೆ. ಈ ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲೋ ಚಿಕ್ಕ ನರ್ಸಿಂಗ್ ಹೋಮಿನಲ್ಲೋ ಆಗಿದ್ದರೆ ಹೆಚ್ಚಾಗಿ ಇಂಥ ಕಾರ್ಡೇ ಇರುತ್ತಿರಲಿಲ್ಲ.

ಮನೆಯವರಿಗೆ ಹೇಳಿದ ಬಗೆ

ಟಾರ್ಚ್ ವರದಿ ಬಂದ ದಿನದಿಂದಲೇ ಆ ಮನೆಯಲ್ಲಿ ಸೊಸೆಯ ರಕ್ತ ಸರಿಯಿಲ್ಲ ಎಂಬ ಮಾತು ಹುಟ್ಟಿತ್ತೆಂದು ನಮಗೆ ಆಮೇಲೆ ತಿಳಿಯಿತು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹಿತ್ತಲಿಗೆ ಹೋಗಿದ್ದಳೆಂದು ಅತ್ತೆ ಹೇಳುತ್ತಿದ್ದರು. ಪಾಸಿಟಿವ್ ಎಂಬ ಪದ ಕೇಳಿ ಮಾವನವರು ಬೇರೆಯೇ ಕಾಯಿಲೆಯನ್ನು ಊಹಿಸಿಕೊಂಡು ಮಗನನ್ನು ಒಂದು ಕಡೆ ಕರೆದು ಮಾತನಾಡಿದ್ದರು. ಆದ್ದರಿಂದ ವರದಿಯನ್ನು ತಾಯಿಯೊಬ್ಬರಿಗೇ ಹೇಳದೆ ನಾಲ್ವರನ್ನೂ ಕೂರಿಸಿಕೊಂಡು ಹೇಳಲು ತೀರ್ಮಾನಿಸಿದೆವು. ಈ ಪ್ರಕರಣದಲ್ಲಿ ನಾವು ಕೈಗೊಂಡ ಒಳ್ಳೆಯ ತೀರ್ಮಾನಗಳಲ್ಲಿ ಅದನ್ನು ಮುಂದಿನ ಸಾಲಿನಲ್ಲಿ ಇಡುತ್ತೇನೆ.

"ಅಮ್ಮಾ, ಈ ವೈರಸ್ಸು ನಿಮ್ಮ ಮೈಯಲ್ಲೂ ಇರಬಹುದು, ನನ್ನ ಮೈಯಲ್ಲೂ ಇರಬಹುದು" ಎಂದು ಅತ್ತೆಯವರಿಂದಲೇ ಮಾತು ಆರಂಭಿಸಿದೆ. ಸಣ್ಣ ಮಕ್ಕಳ ಜೊಲ್ಲು ಮತ್ತು ಮೂತ್ರದಲ್ಲಿ ಇದು ತಿಂಗಳುಗಟ್ಟಲೆ ಇರುತ್ತದೆ, ಮಕ್ಕಳನ್ನು ಸಾಕಿದ ಪ್ರತಿ ಮನೆಯನ್ನೂ ಇದು ಹೊಕ್ಕು ಬಂದಿರುತ್ತದೆ ಎಂದು ವಿವರಿಸಿದೆ. ಹಾಗಾದರೆ ದೊಡ್ಡ ಮಗನಿಂದ ಬಂತೇ ಎಂದು ತಂದೆ ಕೇಳಿದರು. ಇರಬಹುದು, ಇಲ್ಲದೆಯೂ ಇರಬಹುದು, ತಿಳಿಯುವ ದಾರಿಯಿಲ್ಲ ಎಂದೆವು. ತಾಯಿಯ ಮೇಲಿನ ಆರೋಪ ಇಳಿದು ಮೂರು ವರ್ಷದ ಹುಡುಗನ ತಲೆಯ ಮೇಲೆ ಕೂರಬಾರದೆಂಬ ಎಚ್ಚರ ನಮಗಿತ್ತು. ಮಗ ತಿಂದು ಬಿಟ್ಟ ಅನ್ನವನ್ನು ತಾನು ಉಣ್ಣುತ್ತಿದ್ದೆ, ಅದರಿಂದಲೇ ಹೀಗಾಯಿತೇ ಎಂದು ತಾಯಿ ಅತ್ತರು. ಅದನ್ನು ಮಾಡದ ತಾಯಿ ನಮ್ಮ ನಾಡಿನಲ್ಲಿ ಯಾರಿದ್ದಾರೆ? ಗರ್ಭಿಣಿಯರು ಪುಟ್ಟ ಮಕ್ಕಳ ಎಂಜಲು ಉಣ್ಣಬಾರದು, ತುಟಿಗೆ ಮುತ್ತು ಕೊಡದೆ ಹಣೆಗೆ ಕೊಡಬೇಕು, ಮೂತ್ರದ ಬಟ್ಟೆ ಬದಲಿಸಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು ಎಂಬ ಸರಳ ಮಾತನ್ನು ಅವರ ತಾಯಿ ಕಾರ್ಡು ತುಂಬಿದ ಯಾರೂ ಅವರಿಗೆ ಹೇಳಿರಲಿಲ್ಲ. ಎಂಜಲು ಎಂಬ ಎಚ್ಚರವಿರುವ ಭಾಷೆಯಲ್ಲಿ ಇದನ್ನು ತಿಳಿಸುವುದು ಕಷ್ಟವೇನೂ ಆಗಿರಲಿಲ್ಲ.

ಔಷಧದ ತೀರ್ಮಾನ

ವ್ಯಾಲ್‌ಗ್ಯಾನ್‌ಸಿಕ್ಲೋವಿರ್ ಎಂಬ ಬಾಯಿಂದ ಕೊಡುವ ಔಷಧವನ್ನು ಆರು ವಾರದ ಬದಲು ಆರು ತಿಂಗಳು ಕೊಟ್ಟರೆ ಎರಡು ವರ್ಷದ ಹೊತ್ತಿಗೆ ಶ್ರವಣ ಮತ್ತು ಭಾಷೆಯ ಬೆಳವಣಿಗೆ ತುಸು ಉತ್ತಮವಾಗಿರುತ್ತದೆ ಎಂದು 2015ರಲ್ಲಿ ಪ್ರಕಟವಾದ, 96 ಮಕ್ಕಳನ್ನು ಸೇರಿಸಿಕೊಂಡಿದ್ದ ಪ್ರಯೋಗ ತೋರಿಸಿತ್ತು. ತುಸು ಎಂಬ ಪದವನ್ನು ಎಚ್ಚರದಿಂದಲೇ ಬಳಸುತ್ತಿದ್ದೇನೆ. ಆ ಪ್ರಯೋಗದ ಮಕ್ಕಳಿಗೆ ಔಷಧ ಮೊದಲ ತಿಂಗಳೊಳಗೆ ಆರಂಭವಾಗಿತ್ತು, ನಮ್ಮ ಮಗುವಿಗೆ ಮೂರು ತಿಂಗಳು ತುಂಬುತ್ತಾ ಬಂದಿತ್ತು. 13 ವಾರದೊಳಗೆ ಆರಂಭಿಸಿದರೂ ಶ್ರವಣಕ್ಕೆ ಸ್ವಲ್ಪ ಪ್ರಯೋಜನವಿರಬಹುದೆಂದು ನೆದರ್ಲೆಂಡ್ಸ್‌ನ ಒಂದು ಸಣ್ಣ ಅಧ್ಯಯನ ಹೇಳುತ್ತದೆ. ಅದರಾಚೆಗೆ ತಡವಾಗಿ ಆರಂಭಿಸುವುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಮಿದುಳಿನಲ್ಲಿ ಆಗಲೇ ಆಗಿಹೋದ ಹಾನಿಯನ್ನು ಈ ಔಷಧ ಅಳಿಸುವುದಿಲ್ಲ. ಇಷ್ಟನ್ನೂ ತಂದೆ ತಾಯಿಗೆ ಇದ್ದದ್ದು ಇದ್ದಂತೆ ಹೇಳಿದೆವು. ಸರಿಯಿರುವ ಬಲಗಿವಿಯನ್ನು ಉಳಿಸಿಕೊಳ್ಳುವ ಅವಕಾಶ ಸಣ್ಣದಾದರೂ ಇದೆ, ಆದರೆ ಪ್ರತಿವಾರ ರಕ್ತ ತೆಗೆಯಬೇಕು ಎಂದೆವು. ತಂದೆ ಒಂದೇ ಒಂದು ಪ್ರಶ್ನೆ ಕೇಳಿದರು: "ನಿಮ್ ಮಗು ಆಗಿದ್ರೆ ಏನ್ ಮಾಡ್ತಿದ್ರಿ ಡಾಕ್ಟ್ರೇ?" ಕೊಡುತ್ತಿದ್ದೆ ಎಂದೆ. 84ನೆಯ ದಿನ ಆರಂಭಿಸಿದೆವು.

ಮಾತ್ರೆಯಿಂದ ದ್ರವ ಮಾಡಿಸಿ, ಕೆ.ಜಿ.ಗೆ 16 ಮಿ.ಗ್ರಾಂ. ಲೆಕ್ಕದಲ್ಲಿ ದಿನಕ್ಕೆ ಎರಡು ಬಾರಿ ಕೊಡಬೇಕಿತ್ತು. ಆಗ ತೂಕ 3.9 ಕೆ.ಜಿ. ಇದ್ದುದರಿಂದ ಪ್ರತಿ ಬಾರಿಗೆ 62 ಮಿ.ಗ್ರಾಂ. ಮಗು ಬೆಳೆದಂತೆ ಈ ಲೆಕ್ಕವನ್ನು ತಿದ್ದುತ್ತಿರಬೇಕು, ಇಲ್ಲದಿದ್ದರೆ ಕೆಲವು ತಿಂಗಳಲ್ಲೇ ಮಗು ಬೇಕಾದ್ದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಉಳಿದುಬಿಡುತ್ತದೆ. ಔಷಧ ಭ್ರೂಣಕ್ಕೆ ಹಾನಿಕರವಾದ್ದರಿಂದ ಮನೆಯಲ್ಲಿ ಮಾತ್ರೆ ಪುಡಿ ಮಾಡಬಾರದು, ಬಸುರಿಯರು ಮುಟ್ಟಬಾರದು, ಕೊಡುವವರು ಕೈಗವಸು ಹಾಕಿಕೊಳ್ಳಬೇಕು ಎಂದು ತಿಳಿಸಿದೆವು. ಆ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು. ಗ್ರಹಣದ ಮಾತನ್ನು ಅವರು ಪೂರ್ತಿ ಬಿಟ್ಟರೆಂದು ಹೇಳಲಾರೆ, ಆದರೆ ಆರು ತಿಂಗಳಲ್ಲಿ ಒಂದು ಹೊತ್ತಿನ ಔಷಧವೂ ಅವರ ಕೈಯಿಂದ ತಪ್ಪಲಿಲ್ಲ.

ನಾಲ್ಕನೆಯ ವಾರದಲ್ಲಿ ನ್ಯೂಟ್ರೋಫಿಲ್ ಎಂಬ, ಸೋಂಕಿನ ವಿರುದ್ಧ ಹೋರಾಡುವ ಬಿಳಿರಕ್ತಕಣಗಳ ಎಣಿಕೆ 420ಕ್ಕೆ ಇಳಿಯಿತು. 500ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ, 750 ದಾಟಿದ ಮೇಲೆ ಮತ್ತೆ ಕೊಡಬೇಕೆಂಬುದು ನಿಯಮ. ಎಂಟು ದಿನ ನಿಲ್ಲಿಸಿದೆವು. ಎಣಿಕೆ 980ಕ್ಕೆ ಏರಿದ ಮೇಲೆ ಅದೇ ಪ್ರಮಾಣದಲ್ಲಿ ಮುಂದುವರಿಸಿದೆವು. ವಾರವಾರದ ರಕ್ತ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಬರಬೇಕಾಗಿದ್ದರೆ ಈ ಕುಟುಂಬ ಎರಡನೆಯ ತಿಂಗಳಿಗೇ ಸೋಲುತ್ತಿತ್ತು. ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲೇ ರಕ್ತ ತೆಗೆಸಿ, ವರದಿಯ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಂತೆ ಮಾಡಿಕೊಂಡ ಏರ್ಪಾಡಿನಿಂದಲೇ ಚಿಕಿತ್ಸೆ ದಡ ಸೇರಿತು.

ಬಲಗಿವಿ

ಒಂಬತ್ತನೆಯ ತಿಂಗಳಿಗೆ ಔಷಧ ಮುಗಿದಾಗ ಬಲಗಿವಿ ಸರಿಯಾಗಿಯೇ ಇತ್ತು. ನಾವೆಲ್ಲರೂ ಸಂತೋಷಪಟ್ಟೆವು, ಈ ಪ್ರಕರಣದ ಎರಡನೆಯ ಸೋಲು ಆ ಸಂತೋಷದಲ್ಲೇ ಅಡಗಿತ್ತು. ಸಿಎಂವಿಯಿಂದ ಬರುವ ಕಿವುಡು ಹುಟ್ಟುವಾಗಲೇ ಇರಬೇಕೆಂದಿಲ್ಲ. ತಿಂಗಳು, ವರ್ಷಗಳ ನಂತರ ಶುರುವಾಗಬಹುದು, ಒಂದು ಕಿವಿಯಿಂದ ಇನ್ನೊಂದಕ್ಕೆ ಬರಬಹುದು, ಏರಿಳಿದು ನಂತರ ಒಮ್ಮೆಲೇ ಕುಸಿಯಬಹುದು. ಹುಟ್ಟಿದಾಗ ಯಾವ ಲಕ್ಷಣವೂ ಇಲ್ಲದ ಸೋಂಕಿತ ಮಕ್ಕಳಲ್ಲೂ ನೂರಕ್ಕೆ ಹತ್ತರಿಂದ ಹದಿನೈದು ಮಕ್ಕಳು ಮುಂದೆ ಶ್ರವಣ ಕಳೆದುಕೊಳ್ಳುತ್ತಾರೆ. ಇದು ನಮಗೆ ಗೊತ್ತಿತ್ತು. ಮೊದಲ ಮೂರು ವರ್ಷವಾದರೂ ಆರು ತಿಂಗಳು ಮೀರದಂತೆ ಪರೀಕ್ಷಿಸಬೇಕೆಂಬುದೂ ಗೊತ್ತಿತ್ತು. ಹನ್ನೆರಡನೆಯ ತಿಂಗಳಿಗೆ ಬರಹೇಳಿದ್ದೆವು. ಅದು ಬಿತ್ತನೆಯ ಕಾಲ, ಅವರು ಬರಲಿಲ್ಲ, ನಾವು ಫೋನು ಮಾಡಲಿಲ್ಲ. ಔಷಧವಿದ್ದಾಗ ವಾರವಾರ ವಿಚಾರಿಸುತ್ತಿದ್ದ ನಾವು ಔಷಧ ನಿಂತ ಮೇಲೆ ಮಗುವನ್ನು ಮನಸ್ಸಿನಿಂದ ಕೆಳಗಿಳಿಸಿದ್ದೆವು.

ಹದಿನಾರನೆಯ ತಿಂಗಳಲ್ಲಿ ತಾಯಿಯೇ ಬಂದರು. "ಮುಂಚೆ ಕುಕ್ಕರ್ ಕೂಗಿದ್ರೆ ಬೆಚ್ಚಿಬೀಳ್ತಿದ್ಲು ಡಾಕ್ಟ್ರೇ, ಈಗ ತಿರುಗಿನೂ ನೋಡಲ್ಲ" ಎಂದರು. ಮನೆಯಲ್ಲಿ ಉಳಿದವರು ಒಪ್ಪಿರಲಿಲ್ಲ. ಬಾಗಿಲು ಬಡಿದರೆ ನೋಡುತ್ತಾಳೆ, ಚಪ್ಪಾಳೆ ತಟ್ಟಿದರೆ ನಗುತ್ತಾಳೆ ಎನ್ನುತ್ತಿದ್ದರು. ಬಾಗಿಲಿನ ಅದುರು ನೆಲದ ಮೂಲಕ ಕಾಲಿಗೆ ತಿಳಿಯುತ್ತದೆ, ಚಪ್ಪಾಳೆ ಕಣ್ಣಿಗೆ ಕಾಣುತ್ತದೆ. ಬೇರಾ ಪರೀಕ್ಷೆಯಲ್ಲಿ ಕೇಳಿಸಲು ಬೇಕಾದ ಶಬ್ದದ ಮಟ್ಟ ಬಲಗಿವಿಯಲ್ಲಿ 55 ಡೆಸಿಬೆಲ್‌ಗೆ, ಎಡಗಿವಿಯಲ್ಲಿ 90ಕ್ಕೆ ಏರಿತ್ತು. ಹದಿನೇಳನೆಯ ತಿಂಗಳಲ್ಲಿ ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಸಿ, ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ವಾಕ್ ತರಬೇತಿ ಆರಂಭಿಸಿದೆವು. ಹೆಣ್ಣುಮಗುವಿಗೆ ಕಿವಿ ಮಿಷನ್ ಹಾಕಿದರೆ ನಾಲ್ಕು ಜನ ನೋಡುತ್ತಾರೆ ಎಂದು ಮಾವನವರು ಒಪ್ಪದಿದ್ದ ಮೂರು ವಾರ ಸಾಧನ ಡಬ್ಬಿಯಲ್ಲೇ ಇತ್ತು. ಅದೇ ಸಾಧನ ಹಾಕಿಕೊಂಡ ತನ್ನ ಮಗನನ್ನು ಕರೆತರುತ್ತಿದ್ದ ಇನ್ನೊಬ್ಬ ತಾಯಿಯ ಜೊತೆ ಈ ತಾಯಿಯನ್ನು ಕೂರಿಸಿದ ದಿನ ಡಬ್ಬಿ ತೆರೆಯಿತು. ನಮ್ಮ ಯಾವ ಉಪದೇಶಕ್ಕೂ ಆ ಬಲವಿರಲಿಲ್ಲ.

ನಡಿಗೆಯೂ ತಡವಾಗುತ್ತಿತ್ತು. ಹನ್ನೊಂದನೆಯ ತಿಂಗಳಿಗೆ ಕುಳಿತಳು, ಹದಿನೆಂಟಾದರೂ ನಿಲ್ಲುತ್ತಿರಲಿಲ್ಲ. ಕಾಲಿನಲ್ಲಿ ಬಲವಿತ್ತು, ಸ್ನಾಯುಗಳಲ್ಲಿ ಬಿಗಿತವಿರಲಿಲ್ಲ. ಸಮತೋಲನದ ಅಂಗ ಇರುವುದೂ ಒಳಗಿವಿಯಲ್ಲೇ ಎಂಬುದನ್ನು ನಾವು ಮರೆಯುತ್ತೇವೆ, ಸಿಎಂವಿ ಮರೆಯುವುದಿಲ್ಲ. ವ್ಯಾಯಾಮವನ್ನು ಬಲ ತುಂಬುವ ಕಡೆಯಿಂದ ಸಮತೋಲನದ ಕಡೆಗೆ ತಿರುಗಿಸಿದ ಮೇಲೆ, 23ನೆಯ ತಿಂಗಳಲ್ಲಿ ಗೋಡೆ ಬಿಟ್ಟು ನಡೆದಳು.

ಅದೇ ತಿಂಗಳು ಬಲಗಿವಿ 80 ಡೆಸಿಬೆಲ್ ತಲುಪಿತು. ಶ್ರವಣ ಸಾಧನದಿಂದ ಮಾತು ಕೇಳಿಸುವ ಹಂತ ದಾಟಿತ್ತು. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಹಾಕುವ ಶ್ರವಣ ಯಂತ್ರ, ಸಿಗುತ್ತದೆ. ಎಂಆರ್‌ಐನಲ್ಲಿ ಎರಡೂ ಕಡೆಯ ಶ್ರವಣನರ ಚೆನ್ನಾಗಿತ್ತು, ಮಿದುಳಿನ ಬಿಳಿಯ ಭಾಗದಲ್ಲಿ ಅಲ್ಲಲ್ಲಿ ಕಲೆಗಳಿದ್ದವು. ಯಾವ ಕಿವಿಗೆ ಎಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. ಎಡಗಿವಿಗೆ ಹಾಕಿದರೆ ಬಲದಲ್ಲಿ ಉಳಿದ ಅಷ್ಟಿಷ್ಟು ಶ್ರವಣವನ್ನು ಕಾಪಾಡಿಕೊಳ್ಳಬಹುದಿತ್ತು. ಆದರೆ ಎಡಗಿವಿ ಹುಟ್ಟಿದಂದಿನಿಂದ ಏನನ್ನೂ ಸರಿಯಾಗಿ ಕೇಳಿರಲಿಲ್ಲ, ಬಲಗಿವಿ ಒಂದು ವರ್ಷವಾದರೂ ಮನೆಯ ಮಾತನ್ನು ಕೇಳಿತ್ತು, ಅದಕ್ಕೆ ಜೋಡಿಸಿಕೊಂಡ ಮಿದುಳಿನ ಭಾಗಕ್ಕೆ ಧ್ವನಿಯ ನೆನಪಿತ್ತು. ಬಲಗಿವಿಗೇ ಎಂದು ಶಸ್ತ್ರಚಿಕಿತ್ಸಕರೂ ಶ್ರವಣತಜ್ಞರೂ ಒಮ್ಮತಕ್ಕೆ ಬಂದರು. ಎರಡು ವರ್ಷ ನಾಲ್ಕು ತಿಂಗಳಿಗೆ ಶಸ್ತ್ರಚಿಕಿತ್ಸೆ ಆಯಿತು.

ಅಂಗನವಾಡಿಯ ಪ್ರಶ್ನೆ

ಮೂರು ವರ್ಷ ತುಂಬಿ ಅಂಗನವಾಡಿಗೆ ಸೇರಿಸಲು ಹೋದಾಗ ಇನ್ನೊಂದು ತೊಡಕು ಎದುರಾಯಿತು. ಅಲ್ಲಿನ ಸಹಾಯಕಿ ಗರ್ಭಿಣಿ. ಮಗುವಿನ ಕಾಯಿಲೆಯ ಹೆಸರು ಹೇಗೋ ಊರಿಗೆ ತಿಳಿದು, ಈ ಮಗು ಬಂದರೆ ತಾನು ಬರುವುದಿಲ್ಲ ಎಂದು ಆಕೆ ಹೇಳಿದರು. ಆಕೆಯ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಾಗುತ್ತಿರಲಿಲ್ಲ. ಆ ಕೋಣೆಯಲ್ಲಿ ಆಡುವ ಮಕ್ಕಳಲ್ಲಿ ಯಾವುದೇ ಹೊತ್ತಿನಲ್ಲಿ ಹಲವರು ಈ ವೈರಾಣುವನ್ನು ಜೊಲ್ಲಿನಲ್ಲಿ ಹೊರಹಾಕುತ್ತಿರುತ್ತಾರೆ, ನಮಗೆ ಹೆಸರು ಗೊತ್ತಿರುವುದು ಈ ಒಂದು ಮಗುವಿನದು ಮಾತ್ರ ಎಂದು ಅಲ್ಲಿಗೇ ಹೋಗಿ ವಿವರಿಸಿದೆ. ಈ ಮಗುವನ್ನು ಹೊರಗಿಟ್ಟರೆ ಆಕೆಗೆ ರಕ್ಷಣೆ ಸಿಗದು, ಎಲ್ಲ ಮಕ್ಕಳ ವಿಷಯದಲ್ಲೂ ಕೈ ತೊಳೆದರೆ ಸಿಗುತ್ತದೆ. ಆಕೆಗೆ ಬಟ್ಟೆ ಬದಲಿಸುವ ಕೆಲಸ ಬಿಟ್ಟು ಬೇರೆ ಕೆಲಸ ಕೊಡಲಾಯಿತು, ಕೈ ತೊಳೆಯುವಲ್ಲಿ ಸೋಪು ಇಡಲಾಯಿತು, ಮಗು ಸೇರಿಕೊಂಡಳು.

ನಮ್ಮಲ್ಲಿ ಬದಲಾದದ್ದು

ಈ ಪ್ರಕರಣದ ನಂತರ ನಮ್ಮ ವಿಭಾಗದಲ್ಲಿ ಹುಟ್ಟುವ ಪ್ರತಿ ಮಗುವಿನ ತಲೆಯ ಅಳತೆಯನ್ನು ನಕ್ಷೆಯ ಮೇಲೆ ಗುರುತಿಸದೆ ಕೇಸ್ ಶೀಟು ಮುಚ್ಚುವಂತಿಲ್ಲ. ತಲೆ ಸಣ್ಣದಿದ್ದರೆ, ಕಾರಣ ತಿಳಿಯದೆ ಪ್ಲೇಟ್‌ಲೆಟ್ ಕುಸಿದರೆ, ಅಥವಾ ಯಾವುದಾದರೂ ಒಂದು ಕಿವಿ ಓಎಇಯಲ್ಲಿ ತೇರ್ಗಡೆಯಾಗದಿದ್ದರೆ, ಮನೆಗೆ ಕಳುಹಿಸುವ ಮುನ್ನ ಮೂತ್ರ ಸಂಗ್ರಹಿಸುತ್ತೇವೆ. ಪರೀಕ್ಷೆಗೆ ತಕ್ಷಣ ಹಣವಿಲ್ಲದ ಕುಟುಂಬವಾದರೆ ಮಾದರಿಯನ್ನಾದರೂ ಫ್ರೀಜರಿನಲ್ಲಿ ಇಡುತ್ತೇವೆ. ಹಣ ಮುಂದೆ ಹೊಂದಿಸಬಹುದು, ಕಳೆದುಹೋದ 21 ದಿನವನ್ನು ಹೊಂದಿಸಲಾಗದು. ಶ್ರವಣ ತಪಾಸಣೆಯಲ್ಲಿ ತಪ್ಪಿದ ಮಕ್ಕಳನ್ನು ಮಾತ್ರ ಸಿಎಂವಿಗೆ ಪರೀಕ್ಷಿಸುವ ಕ್ರಮವನ್ನು ಅಮೆರಿಕದ ಯೂಟಾ ರಾಜ್ಯ 2013ರಲ್ಲಿ ಕಾನೂನಿನ ಮೂಲಕ ತಂದಿತು. ಕೆನಡಾದ ಒಂಟಾರಿಯೋ 2019ರಲ್ಲಿ, ಅಮೆರಿಕದ ಮಿನ್ನೆಸೋಟ 2023ರಲ್ಲಿ ರಕ್ತದ ಚುಕ್ಕೆಯಿಂದ ಎಲ್ಲ ನವಜಾತ ಶಿಶುಗಳನ್ನೂ ಪರೀಕ್ಷಿಸಲು ಆರಂಭಿಸಿದವು. ನಮ್ಮ ಜಿಲ್ಲೆಗಳಲ್ಲಿ ಎಲ್ಲರ ಪರೀಕ್ಷೆ ಇಂದೇ ಸಾಧ್ಯವೆಂದು ನಾನು ವಾದಿಸುವುದಿಲ್ಲ. ಆದರೆ ಈಗ ಟಾರ್ಚ್ ಪರೀಕ್ಷೆಗೆ ಸುರಿಯುತ್ತಿರುವ ಹಣದ ಒಂದು ಪಾಲು ಅನುಮಾನವಿರುವ ಮಕ್ಕಳ ಮೂತ್ರದ ಪಿಸಿಆರ್‌ಗೆ ಹೋದರೂ ಎಷ್ಟೋ ಮಕ್ಕಳು ಸಮಯಕ್ಕೆ ಸರಿಯಾಗಿ ಸಿಗುತ್ತಾರೆ ಎಂದು ದೃಢವಾಗಿ ನಂಬಿದ್ದೇನೆ.

ಬಾಣಂತಿ ಯಾವ ಊರಿಗೆ ಹೋಗುತ್ತಾರೆ, ಅಲ್ಲಿನ ಆಶಾ ಕಾರ್ಯಕರ್ತೆ ಯಾರು ಎಂದು ಬಿಡುಗಡೆಯ ದಿನವೇ ಬರೆದುಕೊಳ್ಳುತ್ತೇವೆ. ಶ್ರವಣ ಪರೀಕ್ಷೆಗೆ ಬರದ ಮಕ್ಕಳ ಹೆಸರನ್ನು ಪ್ರತಿ ತಿಂಗಳ ಮೊದಲ ಸೋಮವಾರ ಓದಿ ಫೋನು ಮಾಡುವ ಕೆಲಸವನ್ನು ಒಬ್ಬ ದಾದಿಗೆ ವಹಿಸಿದ್ದೇವೆ. ಔಷಧ ಈ ಮಗುವಿನ ಬಲಗಿವಿಯ ಕುಸಿತವನ್ನು ಕೆಲವು ತಿಂಗಳು ಮುಂದೂಡಿತೇ, ಅಥವಾ ಏನೂ ಮಾಡಲಿಲ್ಲವೇ ಎಂಬುದನ್ನು ಒಂದೇ ಮಗುವಿನಿಂದ ಹೇಳಲಾಗದು. ಹನ್ನೆರಡನೆಯ ತಿಂಗಳಿಗೆ ಪರೀಕ್ಷಿಸಿದ್ದರೆ ಶ್ರವಣ ಸಾಧನ ಇನ್ನಷ್ಟು ಬೇಗ ಸಿಗಬಹುದಿತ್ತು ಎಂಬ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ.

ಕಳೆದ ಭೇಟಿಯಲ್ಲಿ ಅವಳಿಗೆ ನಾಲ್ಕು ವರ್ಷ ಮೂರು ತಿಂಗಳು. ತಲೆ ಸಣ್ಣದಾಗಿಯೇ ಇದೆ, ಈವರೆಗೆ ಫಿಟ್ಸ್ ಬಂದಿಲ್ಲ, ಕಣ್ಣಿನ ಕಲೆ ಹಾಗೆಯೇ ಇದೆ. ಕತ್ತಲಲ್ಲಿ ನಡೆಯುವಾಗ ಈಗಲೂ ಅಣ್ಣನ ಅಂಗಿ ಹಿಡಿದುಕೊಳ್ಳುತ್ತಾಳೆ. ಮೂರು ನಾಲ್ಕು ಪದಗಳ ವಾಕ್ಯ ಆಡುತ್ತಾಳೆ, 'ಸ' ಮತ್ತು 'ಶ' ಇನ್ನೂ ಒಂದೇ. ಇಂಪ್ಲಾಂಟಿನ ಹೊರಗಿನ ಯಂತ್ರದ ತಂತಿ ಎರಡು ಬಾರಿ ಕಿತ್ತುಹೋಗಿ, ಬದಲಿ ಸಿಗುವವರೆಗೆ ಒಟ್ಟು ಐದು ವಾರ ಅವಳು ಮೌನದಲ್ಲಿದ್ದಳು. ಮುಂದಿನ ವರ್ಷ ಎಲ್‌ಕೆಜಿಗೋ, ಇನ್ನೊಂದು ವರ್ಷ ಅಂಗನವಾಡಿಯಲ್ಲೋ ಎಂದು ತಂದೆ ಕೇಳಿದರು. ಎಡಗಿವಿಗೂ ಇಂಪ್ಲಾಂಟ್ ಮಾಡಿಸಲು ಹಣ ಎಲ್ಲಿಂದ ತರುವುದೆಂಬ ಮಾತು ಇನ್ನೂ ಮುಗಿದಿಲ್ಲ. ಹೊರಡುವಾಗ ಅತ್ತೆಯವರು ಬಾಗಿಲಿನಿಂದ ಹೆಸರು ಹಿಡಿದು ಕರೆದರು, ಅವಳು ನನ್ನ ಮೇಜಿನ ಮೇಲಿದ್ದ ಪೆನ್ನನ್ನು ಬಿಟ್ಟು ತಿರುಗಿ ನೋಡಿದಳು.